ಲಿನಕ್ಸ್ ಹಾಕುವ ಮುನ್ನ ಪ್ರಿಂಟರ್ ನೋಡಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಹೀಗಾಗಿ ಇನ್ನೂ ಚೆನ್ನಾಗಿ ನಡೆಯುವ ಯಂತ್ರಗಳು ಮನೆ, ಶಾಲೆಗಳಲ್ಲಿ ಮೂಲೆ ಸೇರುತ್ತಿವೆ. ವಿಂಡೋಸ್ ಬದಲು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಳ್ಳಿ ಎಂದರೆ 'ಅದೆಲ್ಲ ಎಂಜಿನಿಯರುಗಳಿಗೆ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಅಳುಕು ಪೂರ್ತಿ ಸುಳ್ಳಲ್ಲ, ಆದರೆ ಅಳುಕಬೇಕಾದ ಜಾಗ ಬೇರೆ. ಕಪ್ಪು ಪರದೆಯ ಕಮಾಂಡುಗಳಿಗಿಂತ ಜನ ಎಡವುವುದು ಪ್ರಿಂಟರ್, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಮತ್ತು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಕಡತಗಳಲ್ಲಿ.

ಏನನ್ನೂ ಅಳಿಸದೆ ಇವನ್ನು ಪರೀಕ್ಷಿಸಬಹುದು. 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಎಂಬ ತಂತ್ರಾಂಶದಿಂದ ಲಿನಕ್ಸ್‌ನ ಒಂದು ಬಗೆಯಾದ ಮಿಂಟ್‌ನ ಐಎಸ್ಒ (ಇನ್‌ಸ್ಟಾಲ್ ಕಡತ) ಬರೆಯಿರಿ (ಪೆನ್‌ಡ್ರೈವ್‌ನಲ್ಲಿದ್ದದ್ದು ಹೋಗುತ್ತದೆ). 4 ಜಿಬಿ ರ‍್ಯಾಮ್ ಇದ್ದರೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ, 8 ಇದ್ದರೆ ಸಿನಮನ್. ಯಂತ್ರ ಶುರುವಾಗುವಾಗ ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿ ಪೆನ್‌ಡ್ರೈವ್ ಆರಿಸಿ. 'ಇನ್‌ಸ್ಟಾಲ್' ಒತ್ತುವವರೆಗೆ ಹಾರ್ಡ್‌ಡಿಸ್ಕ್ ತಂಟೆಗೆ ಅದು ಹೋಗುವುದಿಲ್ಲ. ನಿಧಾನ ಅನ್ನಿಸಿದರೆ ಪೆನ್‌ಡ್ರೈವ್ ಕಾರಣ, ಲಿನಕ್ಸ್ ಅಲ್ಲ. ವೈಫೈ, ಸದ್ದು, ಕ್ಯಾಮೆರಾ, ಪ್ರಿಂಟ್ ಎಲ್ಲ ಅಲ್ಲೇ ನೋಡಿ. ಬ್ರಾಡ್‌ಕಾಮ್ ವೈಫೈ ಕಾಣದಿದ್ದರೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ (ಮೊಬೈಲ್ ಇಂಟರ್ನೆಟ್) ಕೊಡಿ, ಮಿಂಟ್‌ನ ಡ್ರೈವರ್ ಮ್ಯಾನೇಜರ್ ಉಳಿದದ್ದನ್ನು ಇಳಿಸಿಕೊಳ್ಳುತ್ತದೆ. ಎಚ್‌ಪಿ, ಎಪ್ಸನ್ ಪ್ರಿಂಟರುಗಳು ಬಹುತೇಕ ಒಗ್ಗುತ್ತವೆ. ಆದರೆ ನಮ್ಮ ಕಚೇರಿ, ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಕಾಣುವ ಕ್ಯಾನನ್ ಎಲ್‌ಬಿಪಿ 2900ಕ್ಕೆ ಕ್ಯಾಪ್ಟ್ ಎಂಬ ಪ್ರತ್ಯೇಕ ಡ್ರೈವರ್ ಬೇಕು, ಅದನ್ನು ಕೂರಿಸುವುದು ತಲೆನೋವಿನ ಕೆಲಸ. ಮನೆಯಲ್ಲಿರುವುದು ಅದೇ ಆದರೆ ಬಲ್ಲವರನ್ನು ಜೊತೆಗಿಟ್ಟುಕೊಳ್ಳಿ.

ವಿಂಡೋಸನ್ನೂ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕುವವರು ಮೊದಲು ಕಡತಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಇದನ್ನು ಬಿಟ್ಟವರೇ ಆಮೇಲೆ ಡೇಟಾ ಹೋಯಿತೆಂದು ಲಿನಕ್ಸನ್ನು ಬೈಯುವುದು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ಆಫ್ ಮಾಡಿ, ಇಲ್ಲವಾದರೆ ವಿಂಡೋಸ್ ಅರೆನಿದ್ದೆಯಲ್ಲಿದ್ದು ಸಿ ಡ್ರೈವ್‌ಗೆ ಲಿನಕ್ಸ್‌ನಿಂದ ಏನೂ ಬರೆಯಲಾಗದು. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 50 ಜಿಬಿ ಖಾಲಿ ಮಾಡಿಕೊಟ್ಟರೆ ಸಾಕು. ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿಯೇ ಕಾಣದಿದ್ದರೆ ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್) ಸ್ಟೋರೇಜ್ ವಿಧಾನ 'ರೇಡ್' ಎಂದಿರಬಹುದು. ಅದನ್ನು 'ಎಎಚ್‌ಸಿಐ' ವಿಧಾನಕ್ಕೆ ಬದಲಿಸಬೇಕು, ಆದರೆ ಮೊದಲು ವಿಂಡೋಸನ್ನು ಸೇಫ್ ಮೋಡ್‌ಗೆ ಸಿದ್ಧಮಾಡದೆ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ. ಎರಡೂ ಕೂತ ಮೇಲೆ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದರೆ ಗಾಬರಿ ಬೇಡ. ಯಂತ್ರದ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಬರೆಯುತ್ತದೆ, ವಿಂಡೋಸ್ ಅದನ್ನೇ ಇಲ್ಲಿನ ಸಮಯವೆಂದು ಓದುತ್ತದೆ. ಲಿನಕ್ಸ್‌ನಲ್ಲಿ ಒಂದೇ ಸಾಲಿನ ಕಮಾಂಡ್‌ನಿಂದ ಸರಿಹೋಗುತ್ತದೆ.

ಕನ್ನಡ ಟೈಪಿಂಗ್ ಬಗ್ಗೆ ಇರುವ ಭಯ ಅನಗತ್ಯ. ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್-ಎಂ17ಎನ್ ಎಂಬ ಕೀಲಿಮಣೆ ತಂತ್ರಾಂಶ ಹಾಕಿ, ಲಾಗೌಟ್ ಆಗಿ ಮತ್ತೆ ಒಳಬನ್ನಿ (ಇದನ್ನು ಮರೆತೇ ಬಹಳ ಮಂದಿ 'ಬರುತ್ತಿಲ್ಲ' ಎನ್ನುತ್ತಾರೆ). ಐಬಸ್ ಆದ್ಯತೆಗಳಲ್ಲಿ ಕನ್ನಡದ ಕೆಳಗೆ 'ಕೆಜಿಪಿ' ಆರಿಸಿದರೆ ಕೆ.ಪಿ. ರಾವ್ ವಿನ್ಯಾಸದ, ನುಡಿಯಲ್ಲಿ ಬೆರಳಿಗೆ ರೂಢಿಯಾದ ಅದೇ ಕೀಲಿಮಣೆ ಸಿಗುತ್ತದೆ. ಒತ್ತಕ್ಷರಕ್ಕೆ ಇಲ್ಲೂ ಎಫ್ ಕೀಲಿಯೇ.

ಹಳೆಯ ನುಡಿ ಕಡತಗಳು ಮಾತ್ರ ಬೇರೆ ಕಥೆ. ಅವು ಯುನಿಕೋಡ್ (ಎಲ್ಲ ಯಂತ್ರಗಳಿಗೂ ಸಮಾನವಾದ ಅಕ್ಷರ ಸಂಕೇತ) ಅಲ್ಲ. ನುಡಿ ಫಾಂಟ್ ಹಾಕಿದರೆ ಕಾಣುತ್ತವೆ, ಅದಿಲ್ಲದಿದ್ದರೆ ವಿಚಿತ್ರ ಚಿಹ್ನೆಗಳು. ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಕೊಳ್ಳುವುದೇ ಲೇಸು, ಆದರೆ ನಡುವೆ ಬಂದ ಇಂಗ್ಲಿಷ್ ಪದಗಳೂ ಕನ್ನಡದ ಕಲಸುಮೇಲೋಗರವಾಗುತ್ತವೆ. ಅವನ್ನು ಕೈಯಲ್ಲೇ ತಿದ್ದಬೇಕು. ವರ್ಡ್ ಕಡತ ಲಿನಕ್ಸ್‌ನ ಕಚೇರಿ ತಂತ್ರಾಂಶವಾದ ಲಿಬ್ರೆ ಆಫೀಸಿನಲ್ಲಿ ಪುಟ ಕದಲಿಸಿದರೆ ಹೆಚ್ಚಾಗಿ ಅದೂ ಫಾಂಟ್ ಸಮಸ್ಯೆಯೇ. ಕ್ಯಾಲಿಬ್ರಿ ಬದಲು ಅದೇ ಅಗಲದ ಕಾರ್ಲಿಟೊ ಹಾಕಿಕೊಂಡರೆ ಸಾಲುಗಳು ಸ್ವಸ್ಥಾನಕ್ಕೆ ಬರುತ್ತವೆ. ಎಕ್ಸೆಲ್ ಮ್ಯಾಕ್ರೋಗಳನ್ನು ನೆಚ್ಚಬೇಡಿ.

ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಪೇಜ್‌ಮೇಕರ್, ಕೋರೆಲ್‌ಡ್ರಾಗಳಲ್ಲಿ ದುಡಿಯುವ ಡಿಟಿಪಿಯವರು ಸದ್ಯ ವಿಂಡೋಸನ್ನು ಪಕ್ಕದಲ್ಲಿ ಇಟ್ಟುಕೊಳ್ಳಲೇಬೇಕು. ಇಂಥವರಿಗೂ ಲಿನಕ್ಸೇ ಸಾಕು ಎಂದು ಹುರಿದುಂಬಿಸುವ ಅಭಿಮಾನಿಗಳಿಂದಲೇ ಅದಕ್ಕೆ ಕೆಟ್ಟ ಹೆಸರು ಬಂದಿರುವುದು. ಡಿಜಿಟಲ್ ಸಹಿ ಬಳಸುವವರು ತಮ್ಮ ಟೋಕನ್‌ಗೆ ಲಿನಕ್ಸ್ ಡ್ರೈವರ್ ಇದೆಯೇ, ಸಹಿ ಹಾಕುವ ಜಾಲತಾಣದ ತಂತ್ರಾಂಶವೂ ಲಿನಕ್ಸ್‌ನಲ್ಲಿ ನಡೆಯುತ್ತದೆಯೇ ಎಂದು ಎರಡನ್ನೂ ನೋಡಬೇಕು. ಒಂದಿದ್ದರೆ ಸಾಲದು.

ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಲ್ಯಾಬುಗಳು ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ನಡೆಯುತ್ತಿವೆ. ನಮ್ಮ ಶಿಕ್ಷಣ ಇಲಾಖೆಯೂ ಪ್ರಿಂಟರ್, ಸ್ಕ್ಯಾನರ್ ಕೊಳ್ಳುವ ಟೆಂಡರುಗಳಲ್ಲಿ 'ಲಿನಕ್ಸ್ ಡ್ರೈವರ್ ಕಡ್ಡಾಯ' ಎಂಬ ಒಂದು ಸಾಲು ಸೇರಿಸಲಿ.

— ಒಬ್ಬ ಓದುಗ, ಹಾಸನ