ಗ್ರೀನ್‌ಗೆ ತೂತು ಹೊಡೆಯುವುದು ಹಾಳು ಮಾಡೋದಕ್ಕಲ್ಲ

ಮಾನ್ಯರೇ,

ಚೆನ್ನಾಗಿದ್ದ ಗ್ರೀನ್‌ಗಳಿಗೆ (ಚೆಂಡು ಬೀಳಿಸುವ ಕುಳಿಯ ಸುತ್ತ ಗಿಡ್ಡಗೆ ಕತ್ತರಿಸಿದ ಹುಲ್ಲಿನ ಜಾಗ) ತೂತು ಹೊಡೆದು, ಮರಳು ಸುರಿದು ಆಟವನ್ನೇ ಕೆಡಿಸಿದ್ದಾರೆ ಎಂದು ಗಾಲ್ಫ್ ಆಡುವ ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಬೆಂಗಳೂರಿನ ಒಂದು ಗಾಲ್ಫ್ ಕೋರ್ಸ್‌ನಲ್ಲಿ ಬಹಳ ವರ್ಷ ಗ್ರೀನ್ ನೋಡಿಕೊಂಡವನು ನಾನು. ಅವರ ಬೇಸರ ಅರ್ಥವಾಗುತ್ತದೆ. ಆದರೆ ಗ್ರೀನ್ ಉಳಿಯುವುದೇ ಆ ತೂತುಗಳಿಂದ.

ನಾವು ಸಾಕುವ ಬರ್ಮುಡಾ ಹುಲ್ಲು ಗಣೇಶನಿಗೆ ಏರಿಸುವ ಗರಿಕೆಯ ಬಳಗದ್ದೇ, ಗಿಡ್ಡ ತಳಿ ಅಷ್ಟೇ. ಅದನ್ನು ಮೂರು ನಾಲ್ಕು ಮಿಲಿಮೀಟರ್‌ಗೆ, ಹೆಚ್ಚುಕಡಿಮೆ ದಿನಾ ಕತ್ತರಿಸುತ್ತೇವೆ. ಅದರ ಮೇಲೆ ಬೆಳಗಿನಿಂದ ಸಂಜೆವರೆಗೆ ಓಡಾಟ. ಕೆಳಗಿನ ನೆಲ ಗಟ್ಟಿಯಾಗುತ್ತದೆ. ಸತ್ತ ಕಾಂಡ, ಬೇರು ಸೇರಿ ಬುಡದಲ್ಲಿ ಕಂದು ಪದರ ಕಟ್ಟುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಸ್ಪಂಜಿನ ಹಾಗೆ ಕುಗ್ಗುತ್ತದೆ. ನೀರು ಅಲ್ಲೇ ನಿಲ್ಲುತ್ತದೆ, ಬೇರು ಕೆಳಗೆ ಇಳಿಯುವುದೇ ಇಲ್ಲ.

ಹೀಗೆ ತೂತು ಹೊಡೆದು ಮಣ್ಣಿನ ಸಣ್ಣ ತುಂಡು ತೆಗೆಯುವುದಕ್ಕೆ ಕೋರಿಂಗ್ ಎನ್ನುತ್ತೇವೆ. ಅದನ್ನು ಮಾಡುವ ದಿನ ಹೊರಬಿದ್ದ ಒಂದು ತುಂಡನ್ನು ಕೈಗೆತ್ತಿಕೊಂಡು ನೋಡಿ. ಬೆರಳಿನಷ್ಟು ದಪ್ಪ ಇರುತ್ತದೆ. ಆರೋಗ್ಯವಾಗಿರುವ ಗ್ರೀನ್‌ನದ್ದಾದರೆ ಬಿಳಿ ಬೇರು ತುದಿವರೆಗೂ ಇಳಿದಿರುತ್ತದೆ. ಸೊರಗಿದ್ದರೆ ಬೇರು ಮೇಲೆಯೇ ನಿಂತಿರುತ್ತದೆ, ಮೂಗಿನ ಹತ್ತಿರ ಹಿಡಿದರೆ ಕೊಳೆತ ವಾಸನೆ. ಆ ತೂತಿಗೆ ಮರಳು ತುಂಬಿದರೆ ಗಾಳಿ, ನೀರು ಎರಡಕ್ಕೂ ದಾರಿ ಆಗುತ್ತದೆ. ಬಿಸಿಲಿನ ಕಾಲದಲ್ಲಿ ಮಾಡಿದರೆ ಎರಡು ಮೂರು ವಾರದಲ್ಲಿ ಮುಚ್ಚಿಕೊಳ್ಳುತ್ತದೆ. ಟೂರ್ನಿ ಇದೆ ಅಂತ ಡಿಸೆಂಬರ್ ಚಳಿಗೆ ತಳ್ಳಿದರೆ ಹುಲ್ಲು ಬೆಳೆಯಲ್ಲ, ತೂತು ಹಾಗೇ ಉಳಿಯುತ್ತದೆ.

ಇನ್ನೊಂದು ಮಾತು. ಟಿವಿಯಲ್ಲಿ ಕಾಣುವ ಗ್ರೀನ್‌ಗಳಲ್ಲಿ ಉರುಳುವಷ್ಟು ವೇಗವಾಗಿ ಚೆಂಡು ಉರುಳಬೇಕು, ಇನ್ನೂ ಸಣ್ಣಗೆ ಕತ್ತರಿಸಿ ಎಂದು ಮಳೆಗಾಲದಲ್ಲೂ ಒತ್ತಾಯ ಬರುತ್ತದೆ. ಜುಲೈ, ಆಗಸ್ಟ್‌ನಲ್ಲಿ ವಾರಗಟ್ಟಲೆ ಮೋಡ. ಈ ಹುಲ್ಲಿಗೆ ನೆರಳು ಆಗಿಬರುವುದಿಲ್ಲ. ಸಿಗುವ ಅಷ್ಟಿಷ್ಟು ಬೆಳಕನ್ನು ಹಿಡಿಯೋದೇ ಎಲೆ, ಅದನ್ನೂ ಕತ್ತರಿಸಿದರೆ ಬದುಕೋದು ಹೇಗೆ? ಹುಲ್ಲು ತೆಳ್ಳಗಾದ ಕಡೆ ಪಾಚಿ ಬಂದು ಕೂರುತ್ತದೆ. ಆಗ ಅರ್ಧ ಮಿಲಿಮೀಟರ್ ಹೆಚ್ಚು ಎತ್ತರ ಬಿಟ್ಟರೂ ದೊಡ್ಡ ವ್ಯತ್ಯಾಸ. ನುಣುಪು ಬೇಕಾದರೆ ಬ್ಲೇಡ್ ಹರಿತ ಇರಬೇಕು. ಕಾಗದದ ಪಟ್ಟಿ ಕೊಟ್ಟರೆ ಹುಲ್ಲು ಕತ್ತರಿಸುವ ಮೊವರ್ ಅದನ್ನು ನೀಟಾಗಿ ಕತ್ತರಿಸಬೇಕು, ಮಡಚಿ ಎಳೆಯಬಾರದು.

ಆಟಗಾರರ ಕೈಯಲ್ಲೂ ಕೆಲಸ ಇದೆ. ಚೆಂಡು ಬಿದ್ದು ಆದ ಗುಳಿಯನ್ನು ತಕ್ಷಣ ಸರಿಮಾಡಿದರೆ ಕೆಲವೇ ದಿನದಲ್ಲಿ ಕೂಡಿಕೊಳ್ಳುತ್ತದೆ, ಬಿಟ್ಟರೆ ವಾರಗಟ್ಟಲೆ ಕಲೆ. ಬಹಳ ಜನ ರಿಪೇರಿಗೆ ಇಟ್ಟುಕೊಳ್ಳುವ ಸಣ್ಣ ಫೋರ್ಕ್ ಚುಚ್ಚಿ ಕೆಳಗಿನ ಮಣ್ಣನ್ನು ಮೇಲಕ್ಕೆ ಎತ್ತುತ್ತಾರೆ. ಹಾಗೆ ಮಾಡಿದರೆ ಬೇರು ಹರಿಯುತ್ತದೆ. ಅಂಚಿನ ಹುಲ್ಲನ್ನು ಸುತ್ತಲಿಂದ ನಡುವಿಗೆ ತಳ್ಳಿ, ಪಟರ್‌ನಿಂದ (ಗ್ರೀನ್ ಮೇಲೆ ಚೆಂಡು ಉರುಳಿಸುವ ಕೋಲು) ಮೆಲ್ಲಗೆ ತಟ್ಟಿದರೆ ಸಾಕು. 2019ರಿಂದ ಗಾಲ್ಫ್ ನಿಯಮಗಳ ಪ್ರಕಾರ ಶೂ ಗುರುತನ್ನೂ ಪಟ್ ಮಾಡುವ ಮೊದಲೇ ಸರಿಮಾಡಬಹುದು.

ಕ್ಲಬ್‌ಗಳವರಿಗೆ ನನ್ನ ಕೋರಿಕೆ ಒಂದೇ. ಕೋರಿಂಗ್ ದಿನಗಳನ್ನು ವರ್ಷದ ಮೊದಲಲ್ಲೇ ನೋಟಿಸ್ ಬೋರ್ಡ್‌ಗೆ ಹಾಕಿ. ಟೂರ್ನಿ ಪಟ್ಟಿ ಮಾಡುವಾಗ ಆ ವಾರಗಳನ್ನು ಬಿಟ್ಟುಬಿಡಿ. ಪಟ್ಟಿ ಮಾಡುವ ಸಭೆಗೆ ಗ್ರೀನ್ ಕೆಲಸದವರಲ್ಲಿ ಒಬ್ಬರನ್ನಾದರೂ ಕರೆಯಿರಿ.

– ನಿವೃತ್ತ ಗ್ರೀನ್ ಮೇಲ್ವಿಚಾರಕ, ಬೆಂಗಳೂರು