ನಡುವೆ ವಿಶ್ವವಿದ್ಯಾಲಯ ಬದಲಿಸುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನ ಪತ್ರ ತಲುಪಿ ನಾಲ್ಕು ದಿನಗಳಾದವು. ಮೂರು ಸೆಮಿಸ್ಟರ್ ಮುಗಿಸಿದ ಮೇಲೆ ಈ ವಿಶ್ವವಿದ್ಯಾಲಯವನ್ನು ಬಿಟ್ಟು ಇನ್ನೊಂದಕ್ಕೆ ವರ್ಗಾವಣೆ ಪಡೆಯಲೇ ಎಂದು ನೀನು ಕೇಳಿದ್ದೀಯೆ. ಇದೇ ಪ್ರಶ್ನೆ ಎರಡು ವರ್ಷಗಳ ಹಿಂದೆ ನನ್ನೆದುರಿಗೂ ಇತ್ತು. ಒಂದೇ ರಾತ್ರಿಯಲ್ಲಿ ನಿರ್ಧರಿಸಿ, ಮರುದಿನ ಬೆಳಿಗ್ಗೆಯೇ ಅರ್ಜಿ ತುಂಬಿದ್ದೆ. ಆ ಅವಸರದ ಲೆಕ್ಕವನ್ನು ಇಂದಿಗೂ ತೀರಿಸುತ್ತಿರುವುದರಿಂದ ನಿನಗೆ ನಿಧಾನವಾಗಿ ಬರೆಯೋಣವೆನಿಸಿತು.

ನಿನ್ನ ಪತ್ರವನ್ನು ಪೆನ್ಸಿಲ್ ಹಿಡಿದು ಓದಿದೆ. ಹೋಗಬೇಕೆನ್ನುವುದಕ್ಕೆ ನೀನು ಆರು ಕಾರಣಗಳನ್ನು ಕೊಟ್ಟಿದ್ದೀಯೆ. ಅವುಗಳಲ್ಲಿ ನಾಲ್ಕು ಇಲ್ಲಿಯ ಬೇಸರಗಳು: ತರಗತಿಗಳು ನೀರಸವಾಗಿವೆ, ಸಹಪಾಠಿಗಳೊಡನೆ ಹೊಂದಿಕೆಯಾಗಿಲ್ಲ, ಕಳೆದ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತು, ಕೋಣೆಯಲ್ಲಿ ಒಂಟಿತನ ಕಾಡುತ್ತದೆ. ಅಲ್ಲಿಯ ಆಕರ್ಷಣೆಗಳು ಎರಡೇ. ಒಂದು ಆ ಸಂಸ್ಥೆಯ ಹೆಸರು, ಇನ್ನೊಂದು ನಿನಗೆ ಪ್ರಿಯವಾದ ವಿಷಯದಲ್ಲಿ ಸಂಶೋಧನೆ ನಡೆಸುವ ಇಬ್ಬರು ಪ್ರಾಧ್ಯಾಪಕರು. ಆರರಲ್ಲಿ ನನಗೆ ತೂಕದ್ದೆಂದು ಕಂಡದ್ದು ಈ ಕೊನೆಯದು. ಆದರೆ ಆ ಇಬ್ಬರೂ ಪದವಿ ತರಗತಿಗಳಿಗೆ ಪಾಠ ಮಾಡುತ್ತಾರೆಯೇ, ಪದವಿ ವಿದ್ಯಾರ್ಥಿಗಳನ್ನು ತಮ್ಮ ಪ್ರಯೋಗಾಲಯಕ್ಕೆ ಸೇರಿಸಿಕೊಳ್ಳುತ್ತಾರೆಯೇ ಎಂದು ನೀನು ವಿಚಾರಿಸಿದಂತಿಲ್ಲ. ಇಬ್ಬರಿಗೂ ಒಂದೊಂದು ಇಮೇಲ್ ಬರೆದು ಕೇಳು. ಉತ್ತರ ಬಾರದಿದ್ದರೆ ಅದರಿಂದಲೂ ನಿನಗೊಂದು ವಿಷಯ ತಿಳಿದಂತಾಗುತ್ತದೆ.

ಇನ್ನು ಕ್ರೆಡಿಟ್‌ಗಳ ಮಾತು, ಅಂದರೆ ಒಂದೊಂದು ವಿಷಯದ ಓದಿನ ಪ್ರಮಾಣವನ್ನು ಅಳೆಯುವ ಮಾನಗಳದು. ನಾನು ಎಡವಿದ್ದು ಇಲ್ಲಿಯೇ. 'ನಿಮ್ಮ ಬಹುಪಾಲು ಕ್ರೆಡಿಟ್‌ಗಳನ್ನು ಮಾನ್ಯ ಮಾಡಲಾಗುವುದು' ಎಂದು ಹೊಸ ವಿಶ್ವವಿದ್ಯಾಲಯದ ಕಚೇರಿಯವರು ಫೋನಿನಲ್ಲಿ ಹೇಳಿದ್ದರು. ಹೇಳಿದಂತೆ ಮಾನ್ಯವನ್ನೂ ಮಾಡಿದರು. ಯಾವ ಖಾತೆಗೆ ಎಂದು ಮಾತ್ರ ನಾನು ಕೇಳಿರಲಿಲ್ಲ. ನನ್ನ ಸಂಖ್ಯಾಶಾಸ್ತ್ರ ಮೂರು ಕ್ರೆಡಿಟ್‌ನದು, ಪ್ರಯೋಗವಿಲ್ಲದ್ದು. ಅವರದು ನಾಲ್ಕು ಕ್ರೆಡಿಟ್, ಪ್ರಯೋಗ ಸಹಿತ. ಆದ್ದರಿಂದ ನನ್ನದನ್ನು ಐಚ್ಛಿಕ ವಿಷಯಗಳ ಸಾಲಿಗೆ ಸೇರಿಸಿ, ಕಡ್ಡಾಯ ವಿಷಯವನ್ನು ಮತ್ತೆ ಓದಬೇಕೆಂದರು. ಕಿರಿಯರ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಚೀಲದಿಂದ ಪುಸ್ತಕ ತೆಗೆದರೆ, ಅದು ನನ್ನ ಹಳೆಯ ಪುಸ್ತಕವೇ. ಅಂಚಿನಲ್ಲಿ ನಾನೇ ಬರೆದುಕೊಂಡಿದ್ದ ಪೆನ್ಸಿಲ್ ಟಿಪ್ಪಣಿಗಳು ಇನ್ನೂ ಅಳಿಸಿರಲಿಲ್ಲ. ಆ ವಿಷಯವನ್ನು ವರ್ಷಕ್ಕೊಮ್ಮೆ ಮಾತ್ರ ಕಲಿಸುತ್ತಿದ್ದರು, ಅದು ಮುಗಿಯದೆ ಮುಂದಿನ ಎರಡು ವಿಷಯಗಳಿಗೆ ಪ್ರವೇಶವಿರಲಿಲ್ಲ. ಹೀಗೆ ಒಂದು ಕ್ರೆಡಿಟ್‌ನ ವ್ಯತ್ಯಾಸ ನನ್ನ ಪದವಿಯನ್ನು ಒಂದು ಸೆಮಿಸ್ಟರ್ ಹಿಂದಕ್ಕೆ ತಳ್ಳಿತು.

ಇದು ನನ್ನೊಬ್ಬನ ದುರದೃಷ್ಟವೆಂದು ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಓದಿದಾಗ ತಿಳಿಯಿತು, 2004ರಿಂದ 2009ರ ನಡುವೆ ಸಂಸ್ಥೆ ಬದಲಿಸಿದ ಅಮೆರಿಕದ ವಿದ್ಯಾರ್ಥಿಗಳು ಸರಾಸರಿ ಶೇಕಡಾ 43ರಷ್ಟು ಕ್ರೆಡಿಟ್‌ಗಳನ್ನು ಕಳೆದುಕೊಂಡರೆಂದು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2017ರ ವರದಿಯಲ್ಲಿ ಅಂದಾಜು ಮಾಡಿತ್ತು. ಯುರೋಪಿನಲ್ಲಿ ವಿದ್ಯಾರ್ಥಿಗಳ ಓಡಾಟ ಸುಲಭವಾಗಲೆಂದು 1989ರಲ್ಲಿ ಆರಂಭವಾದ ಸಾಮಾನ್ಯ ಕ್ರೆಡಿಟ್ ವ್ಯವಸ್ಥೆಯಲ್ಲಿ ಪೂರ್ಣ ವರ್ಷದ ವ್ಯಾಸಂಗಕ್ಕೆ 60 ಕ್ರೆಡಿಟ್, ಒಂದೊಂದಕ್ಕೆ 25ರಿಂದ 30 ಗಂಟೆಗಳ ಓದು ಎಂಬ ಅಳತೆಯಿದೆ. ಅಳತೆಗೋಲು ಒಂದೇ ಆದರೂ, ಹೊರಗಿನಿಂದ ತಂದ ವಿಷಯ ತಮ್ಮ ಪಠ್ಯಕ್ರಮದ ಯಾವ ಜಾಗಕ್ಕೆ ಒಪ್ಪುತ್ತದೆ ಎಂದು ತೀರ್ಮಾನಿಸುವವರು ಸೇರಿಸಿಕೊಳ್ಳುವ ಸಂಸ್ಥೆಯವರೇ. ವಿದ್ಯಾರ್ಥಿಗಳು ಗಳಿಸಿದ ಕ್ರೆಡಿಟ್‌ಗಳನ್ನು ಜಮಾ ಇಡಲೆಂದು ಭಾರತದಲ್ಲಿ 2021ರಲ್ಲಿ ಬಂದ ಕ್ರೆಡಿಟ್ ಬ್ಯಾಂಕಿನ ನಿಯಮವೂ, ಪದವಿ ಕೊಡುವ ಸಂಸ್ಥೆಯಲ್ಲಿಯೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್‌ಗಳನ್ನು ಗಳಿಸಬೇಕೆಂದು ಹೇಳಿತು. ಇಂಥ ಕಟ್ಟಳೆ ಬೇರೆ ಬೇರೆ ರೂಪಗಳಲ್ಲಿ ಬಹಳಷ್ಟು ಕಡೆ ಇರುವುದರಿಂದ, ವ್ಯಾಸಂಗ ಅರ್ಧ ದಾಟಿದ ಮೇಲೆ ಹೊರಟವನು ಕಳೆದುಕೊಳ್ಳುವುದೇ ಹೆಚ್ಚು. ನೀನು ಇನ್ನೂ ಆ ಗೆರೆ ದಾಟಿಲ್ಲ; ಹೋಗುವುದೇ ಆದರೆ ಐದನೆಯ ಸೆಮಿಸ್ಟರಿನವರೆಗೆ ಕಾಯುವುದರಲ್ಲಿ ಅರ್ಥವಿಲ್ಲ.

ಅಂಕಗಳ ವಿಷಯವನ್ನೂ ಕೇಳಿ ತಿಳಿದುಕೋ. ಹಲವು ವಿಶ್ವವಿದ್ಯಾಲಯಗಳು ಕ್ರೆಡಿಟ್ ಮಾತ್ರ ತೆಗೆದುಕೊಂಡು ಗ್ರೇಡನ್ನು ಬಿಟ್ಟುಬಿಡುತ್ತವೆ. ಸರಾಸರಿ ಹೊಸದಾಗಿ ಸೊನ್ನೆಯಿಂದ ಶುರುವಾಗುತ್ತದೆ. ಕಳೆದ ಪರೀಕ್ಷೆಯ ನಿನ್ನ ಅಂಕಗಳನ್ನು ನೋಡಿದರೆ ಇದು ನಿನಗೆ ವರವಾಗಿಯೂ ಕಾಣಬಹುದು. ಆದರೆ ಹೊಸ ಜಾಗದ ಮೊದಲ ಅವಧಿಯಲ್ಲಿ ಅಂಕಗಳು ಕುಸಿಯುವುದು ಎಷ್ಟು ಸಾಮಾನ್ಯವೆಂದರೆ, ಅದಕ್ಕೆ 'ವರ್ಗಾವಣೆಯ ಆಘಾತ' ಎಂಬ ಹೆಸರನ್ನೇ ಶಿಕ್ಷಣ ಸಂಶೋಧಕರು 1965ರಿಂದ ಬಳಸುತ್ತ ಬಂದಿದ್ದಾರೆ. ಬಹುಮಟ್ಟಿಗೆ ಆಮೇಲೆ ಅವು ಚೇತರಿಸಿಕೊಳ್ಳುತ್ತವೆ. ನಿನಗೆ ಉಳಿಯುವ ಸೆಮಿಸ್ಟರ್‌ಗಳು ಕೆಲವೇ ಆಗಿರುವಾಗ ಚೇತರಿಸಿಕೊಳ್ಳಲು ಎಷ್ಟು ಸಮಯವಿದ್ದೀತು ಎಂಬುದೇ ನನ್ನ ಚಿಂತೆ.

ಒಂಟಿತನದ ಬಗ್ಗೆ ಬರೆಯಲು ಸ್ವಲ್ಪ ಹಿಂಜರಿಯುತ್ತೇನೆ, ಆದರೂ ಬರೆಯಲೇಬೇಕು. ನಾನು ಸೇರುವ ಹೊತ್ತಿಗೆ ಅಲ್ಲಿ ಗುಂಪುಗಳು ಕಟ್ಟಿಕೊಂಡಾಗಿತ್ತು. ಪ್ರಾಜೆಕ್ಟಿಗೆ ಜೊತೆಗಾರರನ್ನು ಆರಿಸಿಕೊಳ್ಳಿ ಎಂದು ಅಧ್ಯಾಪಕರು ಹೇಳಿದ ಕೂಡಲೇ ಕುರ್ಚಿಗಳು ಸರಿದಾಡಿದವು. ಸದ್ದು ನಿಂತಾಗ ನನ್ನ ಎರಡೂ ಪಕ್ಕ ಖಾಲಿಯಿದ್ದವು. ಹಳೆಯ ಜಾಗದಲ್ಲಿದ್ದ ಸಂಕೋಚ ನನ್ನ ಸಾಮಾನಿನ ಜೊತೆಗೇ ಬಂದಿತ್ತು. ನನಗೆ ಒಗ್ಗಿಕೊಳ್ಳಲು ಇಡೀ ಒಂದು ವರ್ಷ ಬೇಕಾಯಿತು. ನಿನಗೂ ಹಾಗೆಯೇ ಆದೀತೆಂದು ಹೇಳಲಾರೆ. ಆದರೆ ಬಿಟ್ಟುಬಂದ ಒಂದು ನಷ್ಟ ಆಗ ನನ್ನ ಕಣ್ಣಿಗೇ ಬಿದ್ದಿರಲಿಲ್ಲ: ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದ, ನನ್ನ ತಪ್ಪುಗಳನ್ನು ಬಲ್ಲ ಒಬ್ಬ ಅಧ್ಯಾಪಕಿ ಹಳೆಯ ಜಾಗದಲ್ಲಿದ್ದರು. ಉನ್ನತ ವ್ಯಾಸಂಗಕ್ಕೆ ಶಿಫಾರಸು ಪತ್ರ ಬೇಕಾದಾಗ, ಹೊಸ ಸಂಸ್ಥೆಯಲ್ಲಿ ನನ್ನ ಬಗ್ಗೆ ನಾಲ್ಕು ಸಾಲಿಗಿಂತ ಹೆಚ್ಚು ಬರೆಯಬಲ್ಲವರು ಯಾರೂ ಇರಲಿಲ್ಲ. ಕೊನೆಗೆ ಅವರಿಗೇ ಬರೆದು ಕೇಳಿಕೊಂಡೆ.

ಇಷ್ಟೆಲ್ಲ ಓದಿ ನಾನು ನಿನ್ನನ್ನು ತಡೆಯುತ್ತಿದ್ದೇನೆಂದು ತಿಳಿಯಬೇಡ. ನಿನಗೆ ಬೇಕಾದ ವಿಷಯವನ್ನೇ ಈಗಿನ ಸಂಸ್ಥೆ ಕಲಿಸದಿದ್ದರೆ, ಶುಲ್ಕ ಕೈಮೀರಿದ್ದರೆ, ಅಥವಾ ಅಲ್ಲಿ ಇರುವುದೇ ನಿನ್ನ ಆರೋಗ್ಯಕ್ಕೆ ಕುತ್ತಾಗಿದ್ದರೆ, ಒಂದು ಸೆಮಿಸ್ಟರ್ ಹೋದರೂ ಹೋಗಲಿ, ಹೊರಡು ಎಂದೇ ಹೇಳುತ್ತೇನೆ. ಆ ಇಬ್ಬರು ಪ್ರಾಧ್ಯಾಪಕರ ಬಳಿ ಕಲಿಯುವುದೇ ಮುಖ್ಯವಾದರೆ, ವಿನಿಮಯ ಯೋಜನೆಯಡಿ ಒಂದು ಸೆಮಿಸ್ಟರ್ ಹೋಗಿಬರಲು ಸಾಧ್ಯವೇ, ಅಥವಾ ಪದವಿ ಮುಗಿಸಿ ಸ್ನಾತಕೋತ್ತರಕ್ಕೆ ಅಲ್ಲಿಗೆ ಸೇರಬಹುದೇ ಎಂದೂ ನೋಡು. ಬರೀ ಹೆಸರಿನ ಆಸೆಗಾದರೆ ನನ್ನ ಒಪ್ಪಿಗೆಯಿಲ್ಲ.

ಒಂದು ಮಾತನ್ನು ಮಾತ್ರ ತಪ್ಪದೆ ನಡೆಸಿಕೊಡು. ನಿನ್ನ ಯಾವ ವಿಷಯ ಅವರ ಯಾವ ವಿಷಯಕ್ಕೆ ಸಮನೆಂದು ಪರಿಗಣಿಸುತ್ತಾರೆ, ಉಳಿದ ಪದವಿಗೆ ಎಷ್ಟು ಸೆಮಿಸ್ಟರ್ ಬೇಕಾಗುತ್ತದೆ, ನಡುವೆ ಸೇರಿದವರಿಗೆ ವಿದ್ಯಾರ್ಥಿವೇತನ ಉಂಟೇ ಎಂಬುದು ಬರಹದಲ್ಲಿ ಕೈಗೆ ಬರುವವರೆಗೆ ಈಗಿನ ಸೀಟನ್ನು ಬಿಡಬೇಡ, ವರ್ಗಾವಣೆ ಪತ್ರಕ್ಕೂ ಅರ್ಜಿ ಹಾಕಬೇಡ. ನೀನು ಈವರೆಗೆ ಓದಿದ ಪ್ರತಿಯೊಂದು ವಿಷಯದ ವಿವರವಾದ ಪಠ್ಯಕ್ರಮವನ್ನು, ಪ್ರಯೋಗದ ಗಂಟೆಗಳ ಸಮೇತ, ವಿಭಾಗದ ಮೊಹರು ಹಾಕಿಸಿ ತೆಗೆದಿಟ್ಟುಕೋ. ಅಂಕಪಟ್ಟಿಯಲ್ಲಿ ವಿಷಯದ ಹೆಸರಷ್ಟೇ ಇರುತ್ತದೆ.

ಎರಡೂ ಕಡೆಯ ಪಠ್ಯಕ್ರಮ ಸಿಕ್ಕಿದ ದಿನ ನನಗೂ ಒಂದೊಂದು ಪ್ರತಿ ಕಳುಹಿಸು. ಒಂದು ಹಾಳೆಯಲ್ಲಿ ನಡುಗೆರೆ ಎಳೆದು, ಎಡಕ್ಕೆ ನಿನ್ನವು ಬಲಕ್ಕೆ ಅವರವು ಎಂದು ಸಾಲುಸಾಲಾಗಿ ಕೂಡಿಸಿ ನೋಡೋಣ. ಸಂಖ್ಯಾಶಾಸ್ತ್ರದ ಸಾಲನ್ನು ನಾನು ನೋಡುತ್ತೇನೆ.

ನಿನ್ನ,
ಗೆಳೆಯ