ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ: ತಾಲೀಮಿಗೂ ದುಡ್ಡು ಕೊಡಿ

ಮಾನ್ಯ ಸಚಿವರೇ,

ನಾನು ಮೃದಂಗ ನುಡಿಸುವವನು. ಕಛೇರಿಗಳಲ್ಲಿ ನುಡಿಸುತ್ತೇನೆ, ಜಾಝ್ ಡ್ರಮ್ಮರ್‌ಗಳ ಜೊತೆ, ಜಾನಪದ ಹಾಡುಗಾರರ ಜೊತೆ ಕೂತೂ ನುಡಿಸುತ್ತೇನೆ. ಬೇರೆ ಬೇರೆ ಪ್ರಕಾರದವರು ಸೇರಿ ಮಾಡುವ ಸಂಗೀತಕ್ಕೆ ನೆರವು ಸಿಗುವುದೇ ಕಡಿಮೆ. ಸಿಕ್ಕಿದ್ದೂ ಹೆಚ್ಚಾಗಿ ಕೊನೆಯ ದಿನದ ವೇದಿಕೆ, ಲೈಟು, ಸೌಂಡಿಗೆ ಹೋಗುತ್ತದೆ. ಆ ಸಂಗೀತ ಹುಟ್ಟುವ ತಾಲೀಮಿನ ಕೋಣೆಗೆ ಏನೂ ಬರುವುದಿಲ್ಲ. ಅದನ್ನೇ ನಿಮಗೆ ಹೇಳಬೇಕಿತ್ತು.

ಆ ಕೋಣೆಯಲ್ಲಿ ಏನಾಗುತ್ತದೆ ಅಂತ ಸ್ವಲ್ಪ ಕೇಳಿ. ರಾಗ ಹಾಡುವವರು ಇಡೀ ಹೊತ್ತು ಒಂದೇ ಷಡ್ಜದ (ಆಧಾರವಾದ 'ಸ' ಸ್ವರದ) ಮೇಲೆ ನಿಂತಿರುತ್ತಾರೆ. ಪಿಯಾನೋ ನುಡಿಸುವವರು ಕೆಳಗೆ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಬದಲಾಯಿಸುತ್ತಾ ಹೋಗುತ್ತಾರೆ, ಹಾಗೆ ಬದಲಾದಾಗಲೆಲ್ಲ ಅದೇ ಗಾಂಧಾರ ('ಗ' ಸ್ವರ) ಬೇರೆಯೇ ಆಗಿ ಕೇಳಿಸುತ್ತದೆ. ಮೇಲಾಗಿ ಪಿಯಾನೋದಲ್ಲಿ ಎರಡು ಸ್ವರಗಳ ನಡುವೆ ಜಾರಲು ಜಾಗವಿಲ್ಲ, ಗಮಕ ಇರುವುದೇ ಆ ನಡುವಿನಲ್ಲಿ. ಹಾಗಾಗಿ ಪಿಯಾನೋದವರು ಯಾವ ಸ್ವರ ಬಿಡಬೇಕು ಅಂತ ಕಲಿಯುತ್ತಾರೆ, ಹಾಡುವವರು ಯಾವ ಗಮಕ ಇಲ್ಲದಿದ್ದರೆ ಈ ರಾಗ ರಾಗವಾಗಿ ಉಳಿಯುವುದಿಲ್ಲ ಅಂತ ಮೊದಲ ಸಲ ಕೂತು ಯೋಚಿಸುತ್ತಾರೆ. ತಾಳದ ಲೆಕ್ಕವನ್ನು ಮುಗಿಸುವ ನುಡಿಕಟ್ಟಿಗೆ ನಾವು ಮುಕ್ತಾಯ ಅನ್ನುತ್ತೇವೆ. ಒಮ್ಮೆ ಒಬ್ಬ ಡ್ರಮ್ಮರ್ ನನ್ನನ್ನು ಕೇಳಿದರು: "ಮುಕ್ತಾಯವನ್ನು ಮೂರು ಸಲ ಯಾಕೆ ನುಡಿಸ್ತೀರಾ? ಎರಡು ಸಲ ಸಾಕಲ್ವಾ?" ಚಿಕ್ಕಂದಿನಿಂದ ನುಡಿಸುತ್ತಿದ್ದೆ, ಯಾರೂ ಕೇಳಿರಲಿಲ್ಲ. ಮೊದಲ ಸಲ ಕೇಳಿದಾಗ ಲೆಕ್ಕ ಕಿವಿಗೆ ಬೀಳುತ್ತದೆ, ಎರಡನೇ ಸಲ ಗುರುತು ಸಿಗುತ್ತದೆ, ಮೂರನೆಯದು ಬರುವ ಹೊತ್ತಿಗೆ ಕೇಳುವವರೂ ನಮ್ಮ ಜೊತೆ ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಕಾಯುತ್ತಿರುತ್ತಾರೆ ಅಂತ ಅವರಿಗೆ ವಿವರಿಸುತ್ತಾ ವಿವರಿಸುತ್ತಾ ನನಗೇ ಅದು ಹೊಸದಾಗಿ ಕಂಡಿತು. ಆಮೇಲೆ ನಾನು ಮುಕ್ತಾಯ ಕಟ್ಟುವ ರೀತಿಯೇ ಬದಲಾಯಿತು. ಈಗ ಶುದ್ಧ ಶಾಸ್ತ್ರೀಯ ಕಛೇರಿಯಲ್ಲೂ ಹಾಗೇ ಕಟ್ಟುತ್ತೇನೆ.

ಹೀಗೆ ಸೇರಿದರೆ ಪರಂಪರೆ ಕೆಡುತ್ತದೆ ಅಂತ ನಿಮಗೆ ಹೇಳುವವರು ಇರುತ್ತಾರೆ. ಅವರು ಪಿಟೀಲನ್ನು ನೋಡಲಿ. ಅದು ಯುರೋಪಿನಿಂದ ಬಂದ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ಕರ್ನಾಟಕ ಸಂಗೀತಕ್ಕೆ ತಂದರು. ಭುಜದ ಮೇಲಿಟ್ಟು ನುಡಿಸುವ ವಾದ್ಯವನ್ನು ನಮ್ಮವರು ಚಕ್ಕಳಮಕ್ಕಳ ಕೂತು, ಅದರ ತುದಿಯನ್ನು ಪಾದದ ಮೇಲೆ ಊರಿ ನುಡಿಸಿದರು. ಎಡಗೈ ಹೀಗೆ ಬಿಡುವಾಗಿದ್ದಕ್ಕೇ ಗಮಕ ಸಲೀಸಾಯಿತು. ಇವತ್ತು ಪಿಟೀಲಿಲ್ಲದ ಕರ್ನಾಟಕ ಕಛೇರಿ ಅಪರೂಪ. ಸ್ಯಾಕ್ಸೊಫೋನಿಗೆ ಅಡಾಲ್ಫ್ ಸ್ಯಾಕ್ಸ್ ಪೇಟೆಂಟ್ ಪಡೆದದ್ದು 1846ರಲ್ಲಿ, ಬ್ಯಾಂಡುಗಳಿಗೆ ಅಂತ. ಕದ್ರಿ ಗೋಪಾಲನಾಥರು ಗಮಕ ಬರುವ ಹಾಗೆ ಅದನ್ನೂ ಪಳಗಿಸಿ ತೋರಿಸಿದರು, ಜಾಝ್ ಕಲಾವಿದರ ಜೊತೆಗೂ ನುಡಿಸಿದರು. ಇದರಿಂದ ಕರ್ನಾಟಕ ಸಂಗೀತಕ್ಕೆ ಆದ ನಷ್ಟವಾದರೂ ಏನು?

ಇನ್ನೊಂದು ವಿಷಯ, ಸಮಯದ್ದು. 1970ರ ದಶಕದಲ್ಲಿ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್, ತಬಲಾದ ಜಾಕಿರ್ ಹುಸೇನ್, ಪಿಟೀಲಿನ ಎಲ್. ಶಂಕರ್ ಮತ್ತು ಘಟದ ವಿಕ್ಕು ವಿನಾಯಕರಾಮ್ ಸೇರಿ 'ಶಕ್ತಿ' ಅನ್ನುವ ತಂಡ ಕಟ್ಟಿದರು. ಮೆಕ್‌ಲಾಫ್ಲಿನ್ ಗಿಟಾರಿನ ಫ್ರೆಟ್‌ಗಳ (ಕತ್ತಿನ ಮೇಲಿನ ಲೋಹದ ಪಟ್ಟಿಗಳ) ನಡುವಿನ ಮರವನ್ನು ಕೊರೆಸಿ, ತಂತಿ ಎಳೆದು ಸ್ವರ ಜಾರಿಸಲು ಬರುವ ಹಾಗೆ ಮಾಡಿಸಿಕೊಂಡರು. ತಂಡ ಕೆಲವೇ ವರ್ಷ ನಡೆದು ನಿಂತಿತು, ಆಮೇಲೆ ಬೇರೆ ಬೇರೆ ಕಲಾವಿದರೊಡನೆ ಮತ್ತೆ ಶುರುವಾಯಿತು, ವಿನಾಯಕರಾಮರ ಜಾಗಕ್ಕೆ ಅವರ ಮಗ ಸೆಲ್ವಗಣೇಶ್ ಬಂದರು. ತಂಡಕ್ಕೆ ಗ್ರ್ಯಾಮಿ ಬಂದದ್ದು 2024ರಲ್ಲಿ. ಅಂಥ ಕೆಲಸಕ್ಕೆ ಮಾರ್ಚ್ 31ರೊಳಗೆ ಫಲಿತಾಂಶದ ವರದಿ ಕೊಡಿ ಅಂದರೆ ಹೇಗೆ ಸ್ವಾಮಿ?

ಫ್ಯೂಷನ್ ಅನ್ನುವ ಹೆಸರಲ್ಲಿ ಕೆಟ್ಟದ್ದೂ ಬರುತ್ತದೆ, ಒಪ್ಪುತ್ತೇನೆ. ರಾಗದ ಕೆಳಗೆ ಸುಮ್ನೆ ಡ್ರಮ್ಸ್ ಬಡಿದರೆ ಅದು ಜೊತೆಗಾರಿಕೆ ಅಲ್ಲ. ಆದರೆ ಅದಕ್ಕೆ ದೊಡ್ಡ ಕಾರಣ, ಕಾರ್ಯಕ್ರಮದ ದಿನ ಮಧ್ಯಾಹ್ನ ಮೊದಲ ಸಲ ಭೇಟಿಯಾದವರನ್ನು ಸಂಜೆ ವೇದಿಕೆ ಹತ್ತಿಸುವುದು. ಮೋಹನವೀಣೆಯ ವಿಶ್ವಮೋಹನ್ ಭಟ್ ಮತ್ತು ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ತಾಲೀಮೇ ಇಲ್ಲದೆ ರೆಕಾರ್ಡ್ ಮಾಡಿ 1994ರಲ್ಲಿ ಗ್ರ್ಯಾಮಿ ಗೆದ್ದರಲ್ಲಾ ಅಂತ ನಿಮ್ಮ ಅಧಿಕಾರಿಗಳು ಕೇಳಬಹುದು. ನಿಜ. ಆದರೆ ಅವರಿಬ್ಬರೂ ಅದಕ್ಕೂ ಮೊದಲು ಎಷ್ಟೋ ವರ್ಷ ತಂತಿಯ ಮೇಲೆ ಸ್ಲೈಡ್ (ಸ್ವರ ಜಾರಿಸುವ ನುಣುಪಾದ ತುಂಡು) ಜಾರಿಸುವ ಒಂದೇ ಕೆಲಸದಲ್ಲಿ ಮುಳುಗಿದ್ದವರು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟು. ಧನಸಹಾಯದ ಅರ್ಜಿಯಲ್ಲಿ ಶಾಸ್ತ್ರೀಯ, ಜಾನಪದ, ಸುಗಮ, ಪಾಶ್ಚಾತ್ಯ ಅಂತ ಕೊಟ್ಟು ಒಂದಕ್ಕೆ ಮಾತ್ರ ಟಿಕ್ ಹಾಕಿ ಅನ್ನುವ ಪದ್ಧತಿ ಇದ್ದಲ್ಲೆಲ್ಲ ಅದನ್ನು ಬಿಡಿಸಿ. ಎರಡಕ್ಕೆ ಟಿಕ್ ಹಾಕಿದವರ ಅರ್ಜಿ ತಿರಸ್ಕೃತವಾಗಬಾರದು. ವೇದಿಕೆಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ತಾಲೀಮಿನ ದಿನಗಳ ಸಂಭಾವನೆಗೆ ಮೀಸಲಿಡಿ. ಜಾನಪದ ಕಲಾವಿದರಿಗೆ ಇದು ಎಲ್ಲರಿಗಿಂತ ಜಾಸ್ತಿ ಬೇಕು, ಯಾಕೆಂದರೆ ದಿನಗೂಲಿ ಬಿಟ್ಟು ಬರುವವರು ಅವರೇ, ಕೊನೆಗೆ ಹಿನ್ನೆಲೆಯ ಅಲಂಕಾರದ ಹಾಗೆ ನಿಲ್ಲುವವರೂ ಅವರೇ. ಅವರ ಹೆಸರೂ ಸಂಯೋಜಕರ ಪಟ್ಟಿಯಲ್ಲಿ ಬರಬೇಕು, ರೆಕಾರ್ಡಿಂಗ್‌ನಿಂದ ಬರುವ ಹಣದಲ್ಲಿ ಅವರಿಗೂ ಪಾಲು ಇರಬೇಕು. ಆಯ್ಕೆ ಸಮಿತಿಯಲ್ಲಿ ಇಂಥ ತಾಲೀಮಿನಲ್ಲಿ ಕೂತು ಬಂದ ಒಬ್ಬರಾದರೂ ಇರಲಿ.

ಅರ್ಜಿಯ ನಮೂನೆ ತಿದ್ದುವಾಗ ನನ್ನನ್ನೂ ನನ್ನ ಜೊತೆ ನುಡಿಸುವವರನ್ನೂ ಕರೆದರೆ ಖಂಡಿತ ಬರುತ್ತೇವೆ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ಒಬ್ಬ ಮೃದಂಗ ವಾದಕ